ಗಟ್ಟಿ ಉಕ್ಕಿನೊಳಗೂ ವಿಸರಣೆ ಇದೆ

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಹೋದ ವಾರ ವಿಜ್ಞಾನದ ಕಿರುಪರೀಕ್ಷೆಯ ಹಾಳೆ ತಂದು ಮುಂದೆ ಹಿಡಿದಳು. ‘ಘನವಸ್ತುಗಳಲ್ಲಿ ವಿಸರಣೆ ನಡೆಯುತ್ತದೆಯೇ?’ ಎಂಬ ಪ್ರಶ್ನೆಗೆ (ವಿಸರಣೆ ಅಂದರೆ ಒಂದು ವಸ್ತುವಿನ ಕಣಗಳು ತಾವಾಗಿಯೇ ಇನ್ನೊಂದರೊಳಗೆ ಹರಡಿ ಬೆರೆಯುವುದು) ‘ನಡೆಯುತ್ತದೆ, ಆದರೆ ತುಂಬಾ ನಿಧಾನ’ ಎಂದು ಬರೆದಿದ್ದಳು. ಅದಕ್ಕೆ ಕೆಂಪು ಗೆರೆ, ಸೊನ್ನೆ. “ಅಜ್ಜಾ, ನೀ ಹೇಳಿದ್ದನ್ನ ಬರದ್ನಿ, ತಪ್ಪು ಹಾಕ್ಯಾರ ನೋಡು” ಅಂದಳು. ಒಂದು ಅಂಕಕ್ಕಾಗಿ ಶಾಲೆಗೆ ಹೋಗಿ ಜಗಳ ತೆಗೆಯುವವನಲ್ಲ ನಾನು. ಆದರೆ ಘನದಲ್ಲಿ ವಿಸರಣೆಯೇ ಇಲ್ಲ ಎಂಬ ಇದೇ ತಪ್ಪನ್ನು ಓಣಿಯ ಬೇರೆ ಮಕ್ಕಳ ಬಾಯಲ್ಲೂ ಕೇಳಿದ್ದೇನೆ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಇಪ್ಪತ್ತಾರು ವರ್ಷ ಹೀಟ್ ಟ್ರೀಟ್‌ಮೆಂಟ್ ಫರ್ನೇಸ್, ಅಂದರೆ ಲೋಹವನ್ನು ಕಾಯಿಸಿ ಹದಮಾಡುವ ಕುಲುಮೆಯ ಮುಂದೆ ನಿಂತವನು ನಾನು. ನಮ್ಮ ಹೊಟ್ಟೆ ತುಂಬಿದ್ದೇ ಘನದೊಳಗಿನ ವಿಸರಣೆಯಿಂದ. ಯಂತ್ರದ ಹಲ್ಲಿನ ಚಕ್ರವಾದ ಗೇರಿನ ಉಕ್ಕಿನಲ್ಲಿ ಇಂಗಾಲ ಶೇಕಡಾ 0.2ರಷ್ಟು ಮಾತ್ರ. ಅದನ್ನು ಇಂಗಾಲ ತುಂಬಿದ ಗ್ಯಾಸಿನಲ್ಲಿ, 930 ಡಿಗ್ರಿ ಬಿಸಿಯಲ್ಲಿ ತಾಸುಗಟ್ಟಲೆ ಇಡುತ್ತಿದ್ದೆವು. ಉಕ್ಕು ಕರಗುವುದಿಲ್ಲ, ಕರಗಲು ಇನ್ನೂ 500 ಡಿಗ್ರಿಗೂ ಜಾಸ್ತಿ ಬೇಕು. ಆದರೂ ಇಂಗಾಲದ ಪರಮಾಣು ಕಬ್ಬಿಣದ ಪರಮಾಣುಗಳ ಸಂದಿಯಿಂದ ಸಂದಿಗೆ ಜಿಗಿಯುತ್ತಾ ಒಳಗಿಳಿಯುತ್ತದೆ. ಬಿಸಿ ಏರಿದಷ್ಟೂ ಪರಮಾಣುಗಳು ಜೋರಾಗಿ ಅದುರುತ್ತವೆ, ನುಸುಳಲು ದಾರಿ ಸಿಗುತ್ತದೆ.

ಇಂಗಾಲ 1 ಮಿಲಿಮೀಟರ್ ಇಳಿಯಲು ಸುಮಾರು ಮೂರು ತಾಸು. ಹಾಗಾದರೆ 2 ಮಿಲಿಮೀಟರಿಗೆ ಆರು ತಾಸು ಅಲ್ವಾ? ಅಲ್ಲ, ಹನ್ನೆರಡು! ಆಳ ದುಪ್ಪಟ್ಟಾದರೆ ಸಮಯ ನಾಲ್ಕು ಪಟ್ಟು. ಹೊಸದರಲ್ಲಿ ಇದು ತಲೆಗೆ ಹೋಗದೆ ಒಂದು ಇಡೀ ಲೋಡನ್ನು ಬೇಗ ಹೊರಗೆಳೆದು ಚೆನ್ನಾಗಿ ಬೈಸಿಕೊಂಡಿದ್ದೆ. ಗೇರನ್ನು ಅಡ್ಡ ಕೊಯ್ದು, ಕನ್ನಡಿಯಂತೆ ಉಜ್ಜಿ, ನೈಟಾಲ್ (ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಸವರಿದರೆ ಹಲ್ಲಿನ ಸುತ್ತ ಕಾಡಿಗೆ ತೀಡಿದಂತೆ ಕಪ್ಪು ಅಂಚು ಮೂಡುತ್ತದೆ. ಇಂಗಾಲ ಎಲ್ಲಿವರೆಗೆ ಇಳಿಯಿತು ಅಂತ ಅಲ್ಲೇ ಕಾಣುತ್ತದೆ.

ಇದೇನು ಹೊಸ ಸಂಗತಿಯೂ ಅಲ್ಲ. ಇಂಗ್ಲೆಂಡಿನ ಲೋಹವಿಜ್ಞಾನಿ ರಾಬರ್ಟ್ಸ್ ಆಸ್ಟೆನ್ ಸೀಸದ ಕಂಬಿಯ ತಳಕ್ಕೆ ಚಿನ್ನ ಇಟ್ಟು, ಸೀಸ ಕರಗದಷ್ಟೇ ಬಿಸಿಯಲ್ಲಿ ದಿನಗಟ್ಟಲೆ ಬಿಟ್ಟು, ಮೇಲೇರಿದ ಚಿನ್ನವನ್ನು ಅಳೆದು 1896ರಲ್ಲೇ ಪ್ರಕಟಿಸಿದ್ದರು.

ಅನಿಲಗಳ ಪಾಠದಲ್ಲೂ ಒಂದು ತಕರಾರಿದೆ. ಅನಿಲದಲ್ಲಿ ಅಣುಗಳಿಗೆ ಜಾಗ ಜಾಸ್ತಿ, ಹಾಗಾಗಿ ವಿಸರಣೆ ದ್ರವಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಚುರುಕು. ಇದು ಸರಿ. ಆದರೆ ಊದುಬತ್ತಿಯ ವಾಸನೆ ಪಡಸಾಲೆ ದಾಟಿ ಬರುವುದಕ್ಕೆ ಬರೀ ವಿಸರಣೆಯೇ ಕಾರಣ ಅನ್ನುವುದು ಸರಿಯಲ್ಲ. ಗಾಳಿಯ ಅಣು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತದೆ ನಿಜ, ಆದರೆ ಹೆಜ್ಜೆಹೆಜ್ಜೆಗೂ ಡಿಕ್ಕಿ. ಹಬ್ಬದ ಹಿಂದಿನ ಸಂಜೆ ನಮ್ಮ ಪೇಟೆಯ ಗಣಪತ ಗಲ್ಲಿಯಲ್ಲಿ ಓಡಲು ಹೊರಟ ಹಾಗೆ. ಅಲುಗಾಡದ ಗಾಳಿಯಲ್ಲಿ ಒಂದು ಮೀಟರ್ ದಾಟಲು ತಾಸುಗಟ್ಟಲೆ ಬೇಕು. ವಾಸನೆಯನ್ನು ಹೊತ್ತು ತರುವುದು ಹೆಚ್ಚಾಗಿ ಫ್ಯಾನು, ಬಾಗಿಲ ಗಾಳಿ. ನೀರಿನ ತಳದ ಸಕ್ಕರೆಯೂ ಅಷ್ಟೇ. ಕಲಕದೆ ಬಿಟ್ಟರೆ ಸಿಹಿ ನಾಲ್ಕು ಬೆರಳು ಮೇಲೇರಲು ವಾರಗಳೇ ಹಿಡಿಯುತ್ತವೆ. ಚಮಚ ಇರುವುದು ಸುಮ್ನೆ ಅಲ್ಲ.

ನಮ್ಮೂರಲ್ಲಿ ಇಷ್ಟೊಂದು ಫೌಂಡ್ರಿ, ಇಷ್ಟೊಂದು ಕುಲುಮೆ ಇವೆ. ಶಾಲೆಯವರು ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ. ಅದು ಆಗದಿದ್ದರೆ, ಕಪ್ಪು ಅಂಚಿನ ಗೇರಿನ ಒಂದು ತುಂಡು ಇನ್ನೂ ನನ್ನ ಕಪಾಟಿನಲ್ಲಿದೆ. ಮೊಮ್ಮಗಳ ಕೈಲಿ ಕಳಿಸುತ್ತೇನೆ. ನೋಡಿ ವಾಪಸ್ ಕೊಟ್ಟರೆ ಸಾಕು.

— ನಿವೃತ್ತ ಫರ್ನೇಸ್ ಆಪರೇಟರ್, ಬೆಳಗಾವಿ