ಫೀಸು ಹೇಳ್ತೀರಿ, ಖರ್ಚು ಯಾರು ಹೇಳೋದು?

ಸಂಪಾದಕರೇ,

ಬೇಸಿಗೆ ರಜೆ ಬಂತು ಅಂದ್ರೆ ನಿಮ್ಮ ಶಿವಮೊಗ್ಗ ಪುಟದಲ್ಲಿ ಶಿಬಿರಗಳ ಸುದ್ದಿ ಶುರು. ಈಜು, ಚಿತ್ರಕಲೆ, ನಾಟಕ, ಈಗೀಗ ಕುದುರೆ ಸವಾರಿ. ಸುದ್ದಿಯ ಕೊನೆಗೆ ಶುಲ್ಕ ಇಷ್ಟು ಅಂತ ಒಂದು ಸಾಲು ಇರುತ್ತದೆ. ಆ ಒಂದು ಸಾಲನ್ನು ನಂಬಿ ಹೋದವಳು ನಾನು. ಅದಕ್ಕೇ ಈ ಪತ್ರ.

ನಮ್ಮದು ಮಂಡಗದ್ದೆ ಹತ್ತಿರದ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಎರಡು ಹಸು. ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಹನ್ನೊಂದು ವರ್ಷದ ಮಗಳನ್ನು ಶಿವಮೊಗ್ಗದ ಹೊರಗಿನ ಒಂದು ಕಡೆ ಹನ್ನೆರಡು ದಿನದ ಕುದುರೆ ಸವಾರಿ ಶಿಬಿರಕ್ಕೆ ಸೇರಿಸಿದೆವು. 5,000 ರೂಪಾಯಿ, ಅಷ್ಟೇ. ಆ ಹನ್ನೆರಡು ದಿನ ಅವಳು ವಿನೋಬನಗರದಲ್ಲಿ ನನ್ನ ತಂಗಿ ಮನೆಯಲ್ಲಿದ್ದಳು, ಹೆಲ್ಮೆಟ್ಟು ಅವರದೇ ಕೊಟ್ಟಿದ್ದರು, ಹಾಗಾಗಿ ಬೇರೆ ಖರ್ಚು ಕಾಣಲೇ ಇಲ್ಲ. ನಾವು ಬೇಸ್ತು ಬಿದ್ದಿದ್ದೇ ಅಲ್ಲಿ.

ಶಿಬಿರ ಮುಗಿದ ಮೇಲೆ ವಾರಕ್ಕೊಂದು ಕ್ಲಾಸು ಅಂತ ಆಯಿತು. ಕ್ಲಾಸಿಗೆ 700 ರೂ., ಎಂಟು ಕ್ಲಾಸಿನ ಪ್ಯಾಕೇಜು 5,600 ರೂ., ಎರಡು ತಿಂಗಳ ವ್ಯಾಲಿಡಿಟಿ. ಮಲೆನಾಡಿನಲ್ಲಿ ಜುಲೈ ತಿಂಗಳಿಗೆ ವ್ಯಾಲಿಡಿಟಿ! ಮಳೆ ಬಂದು ಮೈದಾನ ಕೆಸರಾದರೆ ಕ್ಲಾಸ್ ಇಲ್ಲ, ಆದರೆ ಪ್ಯಾಕೇಜಿನ ತಾರೀಕು ಮಾತ್ರ ಮುಂದೆ ಹೋಗಲ್ಲ. ವರ್ಷಕ್ಕೆ ಆರು ಪ್ಯಾಕೇಜು ತಗೊಂಡೆವು, 33,600 ಕಟ್ಟಿದೆವು. 48 ಕ್ಲಾಸಿನಲ್ಲಿ ಮಗಳು ಕುದುರೆ ಹತ್ತಿದ್ದು 37 ಸಲ. ಲೆಕ್ಕ ಹಾಕಿ ನೋಡಿ, 700ರ ಕ್ಲಾಸು 900 ದಾಟಿತು. ಮೂರು ಸಲವಂತೂ ಅಲ್ಲಿಗೆ ಹೋಗಿ, ಮಳೆ ನೋಡಿ, ಬಿಸಿ ಮಂಡಕ್ಕಿ ತಿಂದು ವಾಪಸ್ ಬಂದಿದ್ದೇವೆ.

ಅಡಿಕೆ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇದನ್ನೂ ಬರೆದಿಟ್ಟಿದ್ದೇನೆ. ಹೆಲ್ಮೆಟ್ಟು 4,200, ಬೂಟು 3,800, ಪ್ಯಾಂಟು ಗ್ಲೌಸು ಸೇರಿ 2,300. ಹೋಗಿ ಬರೋಕೆ 60 ಕಿಲೋಮೀಟರು, ನಲವತ್ತು ಸಲ, ಪೆಟ್ರೋಲು 16,480. ದಾರಿಯಲ್ಲಿ ತಿಂಡಿ 4,800 (ಇದರಲ್ಲಿ ಅರ್ಧ ಅವಳ ಅಪ್ಪನದು). ಶಿಬಿರವೂ ಸೇರಿ ಒಟ್ಟು 70,180. ಅವರಿಗೆ ಹೋಗಿದ್ದು 38,600. ಉಳಿದ 31 ಸಾವಿರ ಚಿಲ್ಲರೆಯ ಸುದ್ದಿ ಯಾವ ಕರಪತ್ರದಲ್ಲೂ ಇರಲಿಲ್ಲ. ಇನ್ನೊಂದು ವಿಷಯ ಪೇಟೆಯವರಿಗೆ ಗೊತ್ತಾಗಲ್ಲ: ಫೀಸು ಎರಡು ತಿಂಗಳಿಗೊಮ್ಮೆ, ತೋಟದ ದುಡ್ಡು ನಮ್ಮ ಕೈಗೆ ಬರೋದು ಕೊಯ್ಲಾದ ಮೇಲೆ ವರ್ಷಕ್ಕೊಮ್ಮೆ.

"ಈ ದುಡ್ಡಿಗೆ ಒಂದು ಜರ್ಸಿ ಹಸು ಬರ್ತಿತ್ತು ಕಣೇ" ಅಂದರು ಮಾವನವರು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ನಾನೂ ಸಿಟ್ಟಿನಲ್ಲಿ ಕೇಳೋಕೆ ಹೋಗಿದ್ದೆ. ಕಲಿಸುವವರು ಜಗಳ ಆಡಲಿಲ್ಲ. ಲಾಯಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. 400-450 ಕಿಲೋ ತೂಗುವ ಒಂದು ಕುದುರೆಗೆ ದಿನಕ್ಕೆ ಎಂಟು ಹತ್ತು ಕಿಲೋ ಒಣಮೇವು ಬೇಕು. ಅದೂ ನಮ್ಮ ಗದ್ದೆಯ ಭತ್ತದ ಹುಲ್ಲು ಹಾಕಿದರೆ ಸಾಕಾಗಲ್ಲ. ಹುರುಳಿ, ಬೂಸಾ, ಕುದುರೆ ಮಸಾಲೆ ಸೊಪ್ಪು ಎಲ್ಲ ಬೇಕು. ನೀರು 25ರಿಂದ 40 ಲೀಟರು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸರಿ ಮಾಡಬೇಕು, ಲಾಳ ಕಟ್ಟುವವರು ಅವರಿಗೆ ಇಲ್ಲಿ ಸಿಗಲ್ಲವಂತೆ, ಬೆಂಗಳೂರಿನಿಂದ ಕರೆಸುತ್ತಾರೆ. ಜಂತಿನ ಔಷಧ, ಧನುರ್ವಾಯು ಇಂಜೆಕ್ಷನ್ನು. ನಮ್ಮ ಮಳೆಗಾಲದಲ್ಲಿ ನೆಲ ಒದ್ದೆ ಇದ್ದರೆ ಗೊರಸಿನ ಅಡಿ ಕೊಳೆಯುತ್ತದೆ, ನಾವು ಅಡಿಕೆಗೆ ಕೊಳೆರೋಗ ಅಂತ ಒದ್ದಾಡುವ ಹಾಗೇ ಅವರದ್ದೂ. ಒಂದು ಮಾತು ನನಗೆ ಗೊತ್ತೇ ಇರಲಿಲ್ಲ, ಕುದುರೆಗೆ ವಾಂತಿ ಮಾಡೋಕೆ ಆಗೋದಿಲ್ಲ. ಹೊಟ್ಟೆನೋವು ಬಂದರೆ ಜೀವಕ್ಕೇ ಬರಬಹುದು, ರಾತ್ರಿ ಎಷ್ಟೊತ್ತಾದರೂ ಡಾಕ್ಟರನ್ನು ಕರೆಸಬೇಕು. ಮಳೆ ಬಂದು ಕ್ಲಾಸ್ ನಿಂತಿತು ಅಂತ ಅದು ತಿನ್ನೋದನ್ನು ನಿಲ್ಲಿಸುತ್ತಾ? ಬತ್ತಿದ ಹಸುವೂ ಹಿಂಡಿ ಕೇಳುತ್ತದಲ್ಲ.

ಹಾಗಾಗಿ 700 ರೂಪಾಯಿ ಜಾಸ್ತಿ ಅಂತ ನಾನು ಈಗ ಹೇಳಲ್ಲ. ಹೇಳದೇ ಇದ್ದಿದ್ದು ತಪ್ಪು ಅಂತೀನಿ. ಮೊದಲೇ ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದು ಕೊಟ್ಟಿದ್ದರೆ ಸೇರಿಸೋದಾ ಬೇಡವಾ ಅಂತ ಮನೆಯಲ್ಲಿ ಕೂತು ಮಾತಾಡುತ್ತಿದ್ದೆವು.

ಇನ್ನು ನಮ್ಮ ತಪ್ಪು. ನಾವಿಬ್ಬರೂ ಈ ದುಡ್ಡಿನ ಮಾತು ಆಡುತ್ತಿದ್ದದ್ದು ಕಾರಿನಲ್ಲಿ, ಅದೂ ಮಗಳು ಹಿಂದೆ ನಿದ್ದೆ ಮಾಡಿದ್ದಾಳೆ ಅಂದುಕೊಂಡು. ಹೋಗುವಾಗ ಸಕ್ರೆಬೈಲಿನ ಆನೆ ಬಿಡಾರ ದಾಟುತ್ತೇವೆ, ಮೊದಲೆಲ್ಲ ಆನೆ ಸ್ನಾನ ನೋಡಬೇಕು ನಿಲ್ಲಿಸಿ ಅಂತ ಹಟ ಮಾಡುತ್ತಿದ್ದವಳು, ಸವಾರಿ ಶುರುವಾದ ಮೇಲೆ ಆನೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಕ್ಲಾಸಿಗೆ ಲೇಟಾಗುತ್ತೆ ಅಂತ. ಇಂಥವಳು ಫೆಬ್ರವರಿಯಲ್ಲಿ ಒಂದು ದಿನ "ಅಮ್ಮಾ, ನನಗೆ ಕುದುರೆ ಬೇಜಾರಾಯ್ತು, ಸಾಕು" ಅಂದಳು. ಅದೇ ದಿನ ನನ್ನ ತಂಗಿ ಹತ್ತಿರ ಫೋನಿನಲ್ಲಿ "ಚಿಕ್ಕಮ್ಮಾ, ಅಪ್ಪ ಅಮ್ಮ ನನ್ನಿಂದ ಜಗಳ ಆಡ್ತಾರೆ" ಅಂದಿದ್ದಳಂತೆ. ನಾವು ಮುಚ್ಚಿಟ್ಟಿದ್ದೇವೆ ಅಂದುಕೊಂಡ ಲೆಕ್ಕ ಅವಳಿಗೆ ಬರೀ ಜಗಳವಾಗಿ ತಲುಪಿತ್ತು.

ಆಮೇಲೆ ಆ ನೋಟ್‌ಬುಕ್ ತೆಗೆದು ಅವಳ ಮುಂದೆ ಇಟ್ಟೆವು. ಇವರಿಗೆ ಇಷ್ಟವಿರಲಿಲ್ಲ, ಮಕ್ಕಳಿಗೆ ಯಾಕೆ ದುಡ್ಡಿನ ಚಿಂತೆ ಅಂತ. ಅವಳು ಅಳಲಿಲ್ಲ. ಪೆಟ್ರೋಲಿನ ಸಾಲು ನೋಡಿ "ಇಷ್ಟೊಂದಾ?" ಅಂದಳು. ತಿಂಡಿಯ ಸಾಲು ನೋಡಿ ಅಪ್ಪನ ಮುಖ ನೋಡಿದಳು. ಹದಿನೈದು ದಿನಕ್ಕೊಂದು ಕ್ಲಾಸು ಸಾಕು, ಬುತ್ತಿ ಕಟ್ಟಿಕೊಂಡು ಹೋಗೋಣ, ಬೆಂಗಳೂರಿನ ಸವಾರಿ ಸ್ಪರ್ಧೆಗೆ ಹೋಗೋದು ಈ ವರ್ಷ ಬೇಡ ಅಂತ ಅವಳೇ ಹೇಳಿದಳು. ತಮ್ಮನಿಗೆ ಕ್ರಿಕೆಟ್ ಬ್ಯಾಟು ಕೊಡಿಸಬೇಕು ಅಂತಲೂ ಸೇರಿಸಿದಳು, ಅವನು ಪಕ್ಕದಲ್ಲೇ ಕೂತಿದ್ದ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ನಾನು ಚೌಕಾಸಿ ಮಾಡಲಿಲ್ಲ, ಬೇರೆಯವರೂ ಮಾಡಬೇಡಿ. ಸೈಕಲ್ಲಿಂದೋ ಕ್ರಿಕೆಟ್ಟಿಂದೋ ನಡೆಯಲ್ಲ, ಸವಾರಿಗೆ ಅಂತಲೇ ಮಾಡಿದ್ದು ಬೇಕು. ಒಮ್ಮೆ ಜೋರಾಗಿ ಬಿದ್ದು ಪೆಟ್ಟಾದರೆ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಬೇಕು, ಅದಕ್ಕೇ ಬೇರೆಯವರು ಬಳಸಿದ್ದು ಬೇಡ. ಬೂಟು ಹಳೆಯದಾದರೂ ಆದೀತು, ಸ್ವಲ್ಪ ಹಿಮ್ಮಡಿ ಇರಬೇಕು, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ (ಸವಾರರು ಕಾಲಿಡುವ ಬಳೆ) ಜಾರಿ ಸಿಕ್ಕಿಕೊಳ್ಳುತ್ತದೆ. ತೋಟಕ್ಕೆ ಹಾಕುವ ಗಂಬೂಟು ಹಾಕಿ ಕಳಿಸಿದ ಒಬ್ಬ ಪುಣ್ಯಾತ್ಮರನ್ನೂ ನೋಡಿದ್ದೇನೆ.

ನಮ್ಮ ಮೈದುನನದು ಇನ್ನೊಂದು ಯೋಚನೆ. ಕೊಟ್ಟಿಗೆಯಲ್ಲಿ ಜಾಗ ಇದೆ, ರೇಸು ಬಿಟ್ಟ ಕುದುರೆ ಕಡಿಮೆಗೆ ಸಿಗುತ್ತಂತೆ, ಒಂದು ತಂದು ಕಟ್ಟಿಬಿಡೋಣ ಅಂತ. ಓಡೋಕೆ ಅಂತಲೇ ಬೆಳೆದ ಕುದುರೆ ಕಲಿಯುವ ಮಗುವಿಗೆ ಆಗಿಬರಲ್ಲ. ಮೇಲಾಗಿ ಕುದುರೆ 25-30 ವರ್ಷ ಬದುಕುತ್ತದೆ. ಮಗಳು ಇನ್ನು ಆರು ವರ್ಷಕ್ಕೆ ಕಾಲೇಜು ಅಂತ ಹೋಗುತ್ತಾಳೆ, ಆಮೇಲೆ ಅದರ ಲದ್ದಿ ಬಾಚುವವಳು ನಾನೇ ಅಲ್ವಾ? ಕೊಳ್ಳುವ ದುಡ್ಡು ಅದರ ಖರ್ಚಿನಲ್ಲಿ ಸಣ್ಣ ಪಾಲು.

ಒಲಿಂಪಿಕ್ಸ್ ಮಾತೂ ಬರುತ್ತದೆ. ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದವರು, ಟೋಕಿಯೊ ಒಲಿಂಪಿಕ್ಸ್‌ಗೂ ಹೋದವರು. ಪತ್ರಿಕೆಯಲ್ಲಿ ಬಂದ ಅವರ ಫೋಟೊ ನಮ್ಮ ಮನೆ ಗೋಡೆ ಮೇಲಿದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸಾಜ್ (ಕುದುರೆಯನ್ನು ಹದವಾಗಿ, ಲಯಬದ್ಧವಾಗಿ ನಡೆಸುವ ಸ್ಪರ್ಧೆ) ತಂಡ ಚಿನ್ನ ತಂದಾಗಲೂ ಮಗಳು ಕುಣಿದಿದ್ದಳು. ಆದರೆ ಇವರೆಲ್ಲ ಯುರೋಪಿನಲ್ಲಿ ಇದ್ದು ಕಲಿತವರು. ವಾರಕ್ಕೊಂದು ಕ್ಲಾಸಿನ ಮಕ್ಕಳಿಗೆ ಆ ಆಸೆ ತೋರಿಸಿ ಪ್ಯಾಕೇಜು ಮಾರೋದು ಸರಿಯಲ್ಲ. ಕಾಲೇಜಿಗೆ ಹೋದ ಮೇಲೆ ಎನ್‌ಸಿಸಿಯಲ್ಲಿ ಕುದುರೆ ಸವಾರಿ ಇರುವ ಘಟಕಗಳಿವೆ, ಬೆಂಗಳೂರಿನಲ್ಲೂ ಇದೆ. ಆಸಕ್ತಿ ಉಳಿದರೆ ಅದೂ ಒಂದು ದಾರಿ.

ನೋಟ್‌ಬುಕ್ ನೋಡಿದ ದಿನ ಮಗಳು ಕೊನೆಗೆ ಒಂದು ಪ್ರಶ್ನೆ ಕೇಳಿದಳು. "ಮಳೆಗಾಲದಲ್ಲಿ ನಾವು ಯಾರೂ ಹೋಗದಿದ್ದರೆ ಕುದುರೆಗೆ ಹುರುಳಿ ಯಾರು ಕೊಡ್ತಾರೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದನ್ನೇ ಅಲ್ಲಿ ಹೋಗಿ ಹೇಳಿದೆವು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾಕೇಜು ಬೇಡ, ಮೇವಿನ ಪಾಲು ಅಂತ ತಿಂಗಳಿಗೆ ಇಷ್ಟು ಅಂತ ನೇರವಾಗಿ ಕೇಳಿ, ಮಳೆ ಬಿಡುವು ಕೊಟ್ಟ ದಿನ ಸವಾರಿ ಆಗಲಿ, ಇಲ್ಲದ ದಿನ ಮಕ್ಕಳು ಬಂದು ಕುದುರೆ ಮೈ ಉಜ್ಜಲಿ, ಗೊರಸು ಕೆರೆಯೋದು ಕಲಿಯಲಿ. ಬೇರೆ ಪೋಷಕರನ್ನೂ ಕೇಳಿ ನೋಡ್ತೀವಿ ಅಂದಿದ್ದಾರೆ. ಐದು ಮನೆಯವರು ಹೂಂ ಅಂದಿದ್ದಾರಂತೆ, ಇನ್ನೂ ಹನ್ನೊಂದು ಮನೆ ಬಾಕಿ.

ನಿಮ್ಮಲ್ಲಿ ಕೇಳೋದು ಇಷ್ಟೇ. ಮುಂದಿನ ಸಲ ಶಿಬಿರದ ಸುದ್ದಿ ಹಾಕುವಾಗ ಆ ಶುಲ್ಕದ ಸಾಲಿನ ಕೆಳಗೆ ಇನ್ನೆರಡು ಸಾಲು ಹಾಕಿ: ಶಿಬಿರದ ನಂತರ ತಿಂಗಳಿಗೆ ಎಷ್ಟು, ಮಳೆ ಬಂದರೆ ಕಟ್ಟಿದ ದುಡ್ಡಿನ ಗತಿ ಏನು. ಹೇಳಲ್ಲ ಅಂದರೆ "ಹೇಳಲಿಲ್ಲ" ಅಂತಲೇ ಹಾಕಿ.

ಹೆಸರು ದಯವಿಟ್ಟು ಬೇಡ, ಮಗಳಿಗೆ ಶಾಲೆಯಲ್ಲಿ ಮುಜುಗರ ಆಗುತ್ತದೆ.

– ಓದುಗಳೊಬ್ಬಳು, ಮಂಡಗದ್ದೆ