ಲಕ್ಯಾ ಅಣೆಕಟ್ಟಿನ ಅಳತೆ ಪುಸ್ತಕ ಜನರ ಮುಂದಿಡಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ಭದ್ರಾವತಿ ತಾಲ್ಲೂಕಿನ ಹೊಳೆಸಾಲಿನವರ ನಮಸ್ಕಾರಗಳು.

ಮಳೆಗಾಲ ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಬೆಳಗ್ಗೆ ಪೇಪರ್ ಬಿಡಿಸಿದವರು ಮೊದಲು ನೋಡುವುದು ಡ್ಯಾಂ ಮಟ್ಟ. ಭದ್ರಾ: ಗರಿಷ್ಠ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಲಕ್ಕವಳ್ಳಿಯಲ್ಲಿ ಗೇಟ್ ಎತ್ತುವ ಮೊದಲು ನಮಗೆ ಸುದ್ದಿ ಬರುತ್ತದೆ. ಅದೇ ಭದ್ರೆಯ ನೆತ್ತಿಯ ಮೇಲೆ, ಕುದುರೆಮುಖದಲ್ಲಿ, ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ನಿಂತಿದೆ. ಭದ್ರಾ ಡ್ಯಾಂಗಿಂತಲೂ ಎತ್ತರದ್ದು. ಅದರ ಒಂದು ಅಂಕಿಯೂ ಹೊಳೆದಂಡೆಯ ನಮ್ಮವರೆಗೆ ಬಂದಿಲ್ಲ.

ಪತ್ರ ಪೂರ್ತಿ ಓದಲು ನಿಮಗೆ ಪುರುಸೊತ್ತಾಗದಿದ್ದರೂ ನಮ್ಮ ಬೇಡಿಕೆ ಗೊತ್ತಿರಲಿ. ಲಕ್ಯಾ ಅಣೆಕಟ್ಟಿನ ಅಳತೆ ಪುಸ್ತಕವನ್ನು, ಅಂದರೆ ಒಡ್ಡಿನೊಳಗಿನ ನೀರಿನ ಒತ್ತಡ, ಜಿನುಗು ನೀರು ಅಳೆದು ಬರೆದಿಡುವ ಪುಸ್ತಕವನ್ನು, ಕಳಸದಿಂದ ಭದ್ರಾವತಿವರೆಗಿನ ಹೊಳೆದಂಡೆಯ ಪ್ರತಿ ಪಂಚಾಯ್ತಿಯ ನೋಟಿಸ್ ಬೋರ್ಡಿಗೆ ಹಾಕಿಸಿ.

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಹೇಗೆ ಬಂತು, ಹೇಗೆ ಹೋಯಿತು ಎಂಬುದು ನಿಮಗೆ ಗೊತ್ತಿರುವುದೇ. 1976ರಲ್ಲಿ ಕಂಪನಿ ಹುಟ್ಟಿತು. ದಟ್ಟ ಕಾಡಿನ ನಡುವೆ ಟೌನ್‌ಶಿಪ್ ಎದ್ದಿತು. ಅದಿರಿನ ಪುಡಿ ನೀರಿನ ಜೊತೆ ಪೈಪಿನಲ್ಲಿ 67 ಕಿ.ಮೀ. ಘಟ್ಟ ಇಳಿದು ಮಂಗಳೂರು ಸೇರಿತು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶವಾಯಿತು. 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್ ಆಯಿತು. ಆದರೆ ಮಂಗಳೂರಿಗೆ ಹೋದದ್ದು ಒಳ್ಳೆಯ ಪಾಲು ಮಾತ್ರ. ಕುದುರೆಮುಖದ್ದು ಕಬ್ಬಿಣದ ಅಂಶ ಕಡಿಮೆಯಿದ್ದ ಮ್ಯಾಗ್ನಟೈಟ್ ಅದಿರು. ಒಂದು ಟನ್ ಸಾರ ತೆಗೆಯಲು ಸುಮಾರು ಮೂರು ಟನ್ ಅದಿರು ಅರೆಯಬೇಕಿತ್ತು. ಉಳಿದ ಎರಡು ಪಾಲು ಹಿಟ್ಟಿನಷ್ಟು ನುಣ್ಣಗಾಗಿ, ನೀರಿನೊಂದಿಗೆ ಬೆರೆತು ಲಕ್ಯಾ ಕಣಿವೆ ಸೇರಿತು. ಆ ಹೂಳನ್ನು ಹಿಡಿದು ನಿಲ್ಲಿಸಲೆಂದೇ ಕಟ್ಟಿದ ಅಣೆಕಟ್ಟು ಅದು. ಗಣಿ ನಿಂತು ಇಪ್ಪತ್ತು ವರ್ಷವಾಯಿತು. ಹೂಳು ಅಲ್ಲೇ ಇದೆ, ಮಳೆಯೂ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಸುರಿಯುತ್ತಲೇ ಇದೆ.

ಇಷ್ಟು ಗೊತ್ತಿದ್ದೇ ನಾವು ಅಳತೆಗಳನ್ನು ಕೇಳಿದೆವು. ಒಂದು ಕಚೇರಿ ಇನ್ನೊಂದರತ್ತ ಕೈ ತೋರಿಸಿತು, ಅದು ಮತ್ತೊಂದರತ್ತ. ಕೊನೆಗೆ ಒಂದು ಕಚೇರಿಯಿಂದ ಒಂದೇ ಸಾಲಿನ ಹಿಂಬರಹ ಬಂತು. ಗಣಿ ಚಟುವಟಿಕೆ ನಿಂತಿರುವುದರಿಂದ ಮಾಹಿತಿ ಕೊಡುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಸಂಸದರೇ, ಈ ಪತ್ರ ಬರೆಯಲು ನಮ್ಮನ್ನು ಕೂರಿಸಿದ್ದು ಆ ಒಂದು ಸಾಲು. ಗಣಿ ನಿಂತ ಮೇಲೆ ಅಣೆಕಟ್ಟಿನ ಸುದ್ದಿ ಯಾಕೆ ಎಂದು ಕೇಳುವವರ ಕೈಯಲ್ಲಿ ಅಣೆಕಟ್ಟಿನ ಕಡತ ಇದೆಯೇ? ಸಹಿ, ಸೀಲು ಎಲ್ಲವೂ ಸರಿಯಾಗಿತ್ತು. ಆ ಸಾಲನ್ನು ಬರೆದವರೂ ಓದಿದವರೂ ಒಬ್ಬರಾದರೂ ತಡೆದು ನಿಲ್ಲಿಸಲಿಲ್ಲವಲ್ಲ ಎಂಬುದು ನಮಗೆ ಇನ್ನೂ ನುಂಗಲಾಗದ ಮಾತು.

ಗಣಿ ನಿಂತ ಮೇಲೂ ಏನಾಗಬಹುದು ಎಂಬುದಕ್ಕೆ ಬ್ರೆಜಿಲ್‌ನ ಬ್ರುಮಾಡಿನ್ಯೋ ಇದೆ. ಅಲ್ಲಿನ ಗಣಿ ಹೂಳಿನ ಒಡ್ಡು 86 ಮೀಟರ್ ಎತ್ತರವಿತ್ತು. 2016ರ ನಂತರ ಅದಕ್ಕೆ ಹೂಳು ಬಿಡುವುದನ್ನೇ ನಿಲ್ಲಿಸಿದ್ದರು. ಗಟ್ಟಿಯಾಗಿದೆ ಎಂಬ ಸರ್ಟಿಫಿಕೇಟೂ ಇತ್ತು. 2019ರ ಜನವರಿ 25ರ ನಡುಮಧ್ಯಾಹ್ನ, ಕಾರ್ಮಿಕರ ಊಟದ ಹೊತ್ತಿನಲ್ಲಿ, ಭೂಕಂಪವಿಲ್ಲ, ಸ್ಫೋಟವಿಲ್ಲ, ಒಡ್ಡಿನ ಮುಖ ಕೆಲವೇ ಸೆಕೆಂಡುಗಳಲ್ಲಿ ಕುಸಿಯಿತು. ಕ್ಯಾಂಟೀನ್ ಇದ್ದದ್ದು ಒಡ್ಡಿನ ಕೆಳಗೆ. 270 ಜನ ಸತ್ತರು. ಸೈರನ್ ಕೂಗಲೇ ಇಲ್ಲ. ಒಳಗೆ ನೀರು ಇಂಗಿ ನಿಂತಿದ್ದ ಹೂಳು, ಮೇಲಿನಿಂದ ಗಟ್ಟಿ ನೆಲದಂತೆ ಕಾಣುತ್ತಿದ್ದದ್ದು, ಒಮ್ಮೆಗೇ ಅಂಬಲಿಯಾಗಿ ಹರಿಯಿತು. ನೀರು ಬಸಿದು ಹೋಗಲು ದಾರಿ ಸಾಲದಿದ್ದದ್ದು ಮತ್ತು ವರ್ಷಗಟ್ಟಲೆ ಸುರಿದ ಮಳೆ ಎರಡೂ ಕಾರಣಗಳ ಪಟ್ಟಿಯಲ್ಲಿವೆ ಎಂದು ತನಿಖೆ ಮಾಡಿದ ತಜ್ಞರು ಹೇಳಿದರು. ಅದಕ್ಕೂ ಮೊದಲು, 2015ರ ನವೆಂಬರ್‌ನಲ್ಲಿ, ಅದೇ ರಾಜ್ಯದ ಮರಿಯಾನಾ ಬಳಿ ಒಡೆದ ಒಡ್ಡಿನ ಕೆಸರು ನದಿ ಹಿಡಿದು ನೂರಾರು ಕಿ.ಮೀ. ಹರಿದು ಸಮುದ್ರ ಮುಟ್ಟಿತ್ತು. ಕುದುರೆಮುಖದಿಂದ ಭದ್ರಾವತಿಗೆ ಅಷ್ಟು ದೂರವಿಲ್ಲ.

ಬ್ರುಮಾಡಿನ್ಯೋದಲ್ಲಿ ಹಳೆಯ ಹೂಳಿನ ಮೇಲೆಯೇ ಹಂತ ಹಂತವಾಗಿ ಒಡ್ಡು ಏರಿಸಿದ್ದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ನಾವು ತೂಗುತ್ತಿಲ್ಲ. ಲಕ್ಯಾ ಒಡೆಯುತ್ತದೆ ಎಂದೂ ಹೇಳುತ್ತಿಲ್ಲ. ಅದು ಗಟ್ಟಿಮುಟ್ಟಾಗಿಯೇ ಇರಬಹುದು, ಹಾಗೇ ಇರಲಿ. ಗಟ್ಟಿಯಿದೆ ಎನ್ನುವುದು ಬಾಯಿಮಾತಿನಲ್ಲಿ ಬೇಡ, ಅಂಕಿಯಲ್ಲಿ ಬೇಕು.

ಯಾವ ಅಂಕಿ ಎಂದು ಕೇಳಿದರೆ ಹೇಳುತ್ತೇವೆ. ಮೊದಲನೆಯದು ಪೀಜೋಮೀಟರ್, ಅಂದರೆ ಒಡ್ಡಿನೊಳಗಿನ ನೀರಿನ ಒತ್ತಡ ತೋರಿಸುವ ಕೊಳವೆ. ಮಳೆ ಬಿದ್ದ ಕೆಲವು ದಿನಕ್ಕೆ ಅದರ ಮಟ್ಟ ಏರಬೇಕು, ಬೇಸಿಗೆಯಲ್ಲಿ ಇಳಿಯಬೇಕು. ವರ್ಷಪೂರ್ತಿ ಒಂದೇ ಅಂಕಿ ತೋರಿಸಿದರೆ ಅಣೆಕಟ್ಟು ಕ್ಷೇಮ ಎಂದಲ್ಲ, ಕೊಳವೆಯ ತಳ ಹೂಳು ಕಟ್ಟಿದೆ ಎಂದು ಅನುಮಾನಿಸಬೇಕು. ಪರೀಕ್ಷೆ ಸುಲಭ: ಕೊಳವೆಗೆ ನೀರು ಹೊಯ್ದು ಎಷ್ಟು ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ ನೋಡುವುದು. ಇಳಿಯಲೇ ಇಲ್ಲವೆಂದರೆ ಆ ಕೊಳವೆ ಸತ್ತಿದೆ. ಸತ್ತ ಕೊಳವೆಗಳೆಷ್ಟು, ಬದುಕಿದವೆಷ್ಟು ಎಂಬುದನ್ನೂ ಬರೆದು ಹಾಕಬೇಕು.

ಎರಡನೆಯದು ಒಡ್ಡಿನ ಬುಡದಲ್ಲಿ ಜಿನುಗುವ ನೀರು. ಮಣ್ಣಿನ ಅಣೆಕಟ್ಟು ಜಿನುಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ನೋಡಬೇಕಾದ್ದು ಎಷ್ಟು ಜಿನುಗುತ್ತದೆ, ಯಾವ ಬಣ್ಣದಲ್ಲಿ ಎಂದು. ಜಿನುಗು ನೀರನ್ನು ತ್ರಿಕೋನದ ಕಂಡಿಯಿರುವ ತಗಡಿನ ಮೂಲಕ ಹಾಯಿಸಿ ಅಳೆಯುತ್ತಾರೆ. 90 ಡಿಗ್ರಿಯ ಕಂಡಿಯಲ್ಲಿ ನೀರು 10 ಸೆಂ.ಮೀ. ಎತ್ತರ ನಿಂತರೆ ಸೆಕೆಂಡಿಗೆ ನಾಲ್ಕೂವರೆ ಲೀಟರಿನಷ್ಟು, 20 ಸೆಂ.ಮೀ. ನಿಂತರೆ ಹತ್ತಿರ ಹತ್ತಿರ 25 ಲೀಟರ್. ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟು. ಹಾಗಾಗಿ ತಿಂಗಳಿಗೊಮ್ಮೆ ಹೋಗಿ ಕಣ್ಣಳತೆಯಲ್ಲಿ ಬರೆದುಕೊಂಡು ಬಂದರೆ ನಡೆಯದು; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಬರೆಯಬೇಕು, ಪಕ್ಕದಲ್ಲೇ ಆ ದಿನದ ಮಳೆಯನ್ನೂ ಬರೆಯಬೇಕು. ತಗಡಿನ ಹಿಂದೆ ಹೂಳು ತುಂಬಿದರೆ ಅಳತೆಯೇ ಸುಳ್ಳಾಗುತ್ತದೆ, ಅದನ್ನು ತೆಗೆಯುತ್ತಿರಬೇಕು. ಬಣ್ಣಕ್ಕೆ ಯಂತ್ರವೂ ಬೇಡ. ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಸಾಕು. ಬೆಳಗ್ಗೆ ತಳದಲ್ಲಿ ಕೆಸರು ಕೂತಿದ್ದರೆ, ಅದು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ನೀರು ಒಡ್ಡಿನೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದರ್ಥ. ಆಗ ಫೈಲ್ ಓಡಾಡುವ ಹೊತ್ತಲ್ಲ, ಇಂಜಿನಿಯರ್ ಓಡಬೇಕಾದ ಹೊತ್ತು.

ಇನ್ನು ಕೋಡಿ. ಕಾಂಕ್ರೀಟ್ ಅಣೆಕಟ್ಟಿನ ಮೇಲೆ ನೀರು ಉಕ್ಕಿದರೂ ಅದು ಸ್ವಲ್ಪ ಹೊತ್ತು ತಡೆದೀತು, ಮಣ್ಣಿನದು ಕೊರೆದುಹೋಗುತ್ತದೆ. ಒಂದು ಚದರ ಕಿ.ಮೀ. ಜಾಗಕ್ಕೆ 100 ಮಿ.ಮೀ. ಮಳೆ ಬಿದ್ದರೆ ಹತ್ತು ಕೋಟಿ ಲೀಟರ್ ನೀರು. ಕುದುರೆಮುಖದಲ್ಲಿ ಆಷಾಢದ ಒಂದು ದಿನಕ್ಕೆ ಅದು ದೊಡ್ಡ ಮಳೆಯೇ ಅಲ್ಲ. ಗುಡ್ಡ ಜರಿದು ಬಂದ ಮರ, ಬಿದಿರು ಕೋಡಿಯ ಬಾಯಿಗೆ ಸಿಕ್ಕಿಕೊಂಡರೆ ಅದನ್ನು ತೆಗೆಯುವವರು ಯಾರು? ಒಡ್ಡಿನ ಮೈಮೇಲೆ ಗಿಡ ಬೆಳೆದರೆ ಬೇರು ಕೊಳೆತ ಜಾಗವೇ ನೀರಿಗೆ ದಾರಿ. ಮುಳ್ಳುಹಂದಿ ತೋಡಿದ ಬಿಲವೂ ಹಾಗೇ. ಸುತ್ತ ರಾಷ್ಟ್ರೀಯ ಉದ್ಯಾನ. ಯಂತ್ರ ಒಳಗೆ ಬಿಡಲು, ಗಿಡ ಕೀಳಲು ಯಾರ ಸಹಿ ಬೇಕು ಎಂಬುದು ಮೇ ತಿಂಗಳಲ್ಲೇ ಇತ್ಯರ್ಥವಾಗಿರಬೇಕು. ಮಳೆ ಕೂತ ಮೇಲೆ ಸಹಿ ಹುಡುಕಬಾರದು.

ಕಾನೂನು ನಿಮಗೆ ನಾವು ಹೇಳಬೇಕಿಲ್ಲ, ಅಣೆಕಟ್ಟು ಸುರಕ್ಷತಾ ಕಾಯ್ದೆ ಪಾಸಾದದ್ದು ನಿಮ್ಮ ಸಂಸತ್ತಿನಲ್ಲೇ. 2021ರ ಡಿಸೆಂಬರ್ 30ರಂದು ಜಾರಿಗೆ ಬಂತು. 15 ಮೀಟರ್ ಮೀರಿದ ಅಣೆಕಟ್ಟುಗಳಿಗೆ ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ. ಹಳೆಯ ಅಣೆಕಟ್ಟುಗಳಿಗೆ ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಸಿದ್ಧವಾಗಬೇಕು. ಆ ಗಡುವು 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಲಕ್ಯಾದಲ್ಲಿರುವುದು ಹೂಳು, ನೀರಲ್ಲ, ಆದ್ದರಿಂದ ಈ ಕಾಯ್ದೆ ಅನ್ವಯಿಸದು ಎಂಬ ಇನ್ನೊಂದು ಹಿಂಬರಹ ನಮಗೆ ಬರಬಾರದು. ಹೊಳೆಗೆ ಅಡ್ಡ ಕಟ್ಟಿದ್ದು, ನೀರು ನಿಲ್ಲುವಂಥದ್ದು. ಅನುಮಾನವಿದ್ದರೆ ಸದನದಲ್ಲಿ ನೀವೇ ಪ್ರಶ್ನೆ ಕೇಳಿ, ಲಿಖಿತ ಉತ್ತರ ತರಿಸಿ.

ಹೊಳೆದಂಡೆಯವರ ಪಾಡು ನಿಮಗೆ ಹೊಸದಲ್ಲ. ಲಕ್ಕವಳ್ಳಿಯಲ್ಲಿ ನೀರು ಹೆಚ್ಚು ಬಿಟ್ಟರೆ ಭದ್ರಾವತಿಯ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯವರು ಪಾತ್ರೆಪಗಡ ಹೊತ್ತು ಗಂಜಿ ಕೇಂದ್ರಕ್ಕೆ ಹೋಗುತ್ತಾರೆ. ಅದು ತಿಳಿನೀರು, ಹೇಳಿ ಬಿಟ್ಟ ನೀರು. ಕಳಸ, ಮಾಗುಂಡಿ, ಬಾಳೆಹೊನ್ನೂರಿನವರಿಗೆ ನಮಗಿಂತ ಮೊದಲು, ನಮಗಿಂತ ಹತ್ತಿರ ಈ ಅಪಾಯ. ನಮ್ಮ ಮನೆಯ ನಲ್ಲಿಗೆ, ಗದ್ದೆ ತೋಟದ ನಾಲೆಗೆ ಬರುವುದು ಅವರ ಊರು ದಾಟಿ ಬಂದ ನೀರೇ.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇವೆ, ಅಳತೆ ಪುಸ್ತಕ ನೋಟಿಸ್ ಬೋರ್ಡಿಗೆ ಹಾಕಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ, ಕನ್ನಡದಲ್ಲಿ. ತಪಾಸಣೆ ಮಾಡಿದ ಇಂಜಿನಿಯರ್ ಹೆಸರು, ಸಹಿ ಇರಲಿ. ಒಡ್ಡು ಒಡೆದರೆ ಕೆಸರು ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ, ಎಷ್ಟು ಎತ್ತರಕ್ಕೆ ಬರುತ್ತದೆ ಎಂಬ ನಕ್ಷೆ ಬೇಕು, ಓಡಿ ಹತ್ತಬೇಕಾದ ಜಾಗಕ್ಕೆ ಬಣ್ಣದ ಗುರುತಿನ ಕಲ್ಲು ಬೇಕು. ಸೈರನ್ ಹಾಕಿಸುವಾಗ ಬರೀ ಸೋಲಾರ್ ನಂಬಬೇಡಿ: ಘಟ್ಟದಲ್ಲಿ ಜುಲೈ ತಿಂಗಳಿಡೀ ಬಿಸಿಲು ಕಾಣದ ವಾರಗಳಿವೆ, ಕರೆಂಟ್ ಹೋದರೆ ಮೊಬೈಲ್ ಟವರೂ ಹೋಗುತ್ತದೆ. ಪ್ರತಿ ಊರಿನ ದೇವಸ್ಥಾನ ಇಲ್ಲವೇ ಶಾಲೆಯಲ್ಲಿ ಕೈಯಲ್ಲಿ ತಿರುಗಿಸುವ ಸೈರನ್ ಒಂದಿರಲಿ, ಅಣೆಕಟ್ಟಿನ ಕಾವಲು ಕೋಣೆಯಿಂದ ಪೊಲೀಸ್ ವೈರ್‌ಲೆಸ್ ಸಂಪರ್ಕ ಇರಲಿ, ಮೇ ಕೊನೆಯ ವಾರ ಒಮ್ಮೆ ಊರವರನ್ನೆಲ್ಲ ಸೇರಿಸಿ ಕೂಗಿಸಿ ನೋಡಲಿ.

ಮೊದಲ ಹಾಳೆ ಈ ಮಳೆಗಾಲ ಶುರುವಾಗುವ ಮೊದಲು ಬೋರ್ಡಿನಲ್ಲಿರಬೇಕು. ಕೊಡಲಾಗದಿದ್ದರೆ ಯಾಕೆ ಕೊಡಲಾಗದು, ಯಾರು ಕೊಡುತ್ತಿಲ್ಲ ಎಂಬುದನ್ನು ನಿಮ್ಮ ಸಹಿಯಲ್ಲಿ ತಿಳಿಸಿ.

ಇಂತಿ,
ಭದ್ರಾ ಹೊಳೆಸಾಲಿನ ನಿಮ್ಮ ಮತದಾರರು
ಭದ್ರಾವತಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ