ಮಾಜಿ ಕ್ರೀಡಾಪಟುಗಳಿಗೂ ಒಂದು ರೇಸ್ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ಭಾಗದ ಮಕ್ಕಳು ಸೈಕ್ಲಿಂಗ್‌ನಲ್ಲಿ ಪದಕ ತಂದ ಸುದ್ದಿ ಬಂದರೆ ನಾನು ಮೊದಲು ಓದುವುದು ಅದನ್ನೇ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ಸೈಕಲ್ ಎಂದರೆ ಬರೀ ಆಟವಲ್ಲ. ತುಳಸಿಗೇರಿಯಂಥ ಊರಿನ ಎಷ್ಟೋ ಮನೆಗಳಲ್ಲಿ ಒಕ್ಕಲುತನದ ಮಕ್ಕಳು ಸೈಕಲ್ ತುಳಿದೇ ನೌಕರಿ ಹಿಡಿದಿದ್ದಾರೆ. ನಾನೂ ಕ್ರೀಡಾ ವಸತಿ ನಿಲಯದಲ್ಲಿ ಬೆಳೆದು, ರಾಜ್ಯಕ್ಕಾಗಿ ರೋಡ್ ರೇಸ್ ತುಳಿದವಳು. ಈಗ ವಯಸ್ಸು 47, ಇಬ್ಬರು ಮಕ್ಕಳ ತಾಯಿ. ಆ ಪದಕದ ಮಕ್ಕಳು ಮೂವತ್ತು ದಾಟಿದ ಮೇಲೆ ಏನಾಗುತ್ತಾರೆ ಎಂಬುದನ್ನು ಯಾವ ಪುಟದಲ್ಲೂ ಓದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಏನಾಗುತ್ತಾರೆ ಎಂಬುದು ನನಗೆ ಗೊತ್ತಿದೆ. ನನ್ನ ಜೊತೆ ನಿಲಯದಲ್ಲಿದ್ದವರಲ್ಲಿ ಹೆಚ್ಚಿನವರು ಸೈಕಲ್ ಇಳಿದವರು ಮತ್ತೆ ಹತ್ತಲಿಲ್ಲ. ಊಟದ ರೂಢಿ ಮಾತ್ರ ಹಾಗೇ ಉಳಿಯಿತು. ನೂರು ಕಿಲೋಮೀಟರ್ ತುಳಿದು ಬಂದು ಉಣ್ಣುತ್ತಿದ್ದಷ್ಟೇ ರೊಟ್ಟಿ, ಕೆಲಸ ಮಾತ್ರ ಕುರ್ಚಿಯ ಮೇಲೆ. ನಲವತ್ತಕ್ಕೇ ಶುಗರ್, ಬಿಪಿ. ಗರಡಿ ಮನೆಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಪೈಲ್ವಾನರ ಪಾಡು ಇನ್ನೂ ಕಷ್ಟದ್ದು. ಕುಸ್ತಿ ಬಿಟ್ಟ ಮೇಲೆ ಆ ಮೈಯನ್ನು ಸಂಬಾಳಿಸುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಡಾಕ್ಟರು "ದಿನಾ ವಾಕಿಂಗ್ ಹೋಗಿ" ಎನ್ನುತ್ತಾರೆ. ವಾಕಿಂಗ್ ಒಳ್ಳೆಯದೇ. ಆದರೆ ಹತ್ತು ವರ್ಷ ಸ್ಟಾಪ್‌ವಾಚ್ ನೋಡಿಕೊಂಡೇ ಬದುಕಿದವರಿಗೆ ಪಾರ್ಕಿನ ಸುತ್ತು ಹತ್ತು ದಿನಕ್ಕೆ ಬೇಸರ ತರುತ್ತದೆ. ಎದುರಿಗೆ ಒಂದು ತಾರೀಖು, ದಾಟಬೇಕಾದ ಒಂದು ಟೈಮ್ ಇದ್ದರೆ ಮಾತ್ರ ನಮ್ಮಂಥವರು ನಸುಕಿನಲ್ಲಿ ಏಳುತ್ತೇವೆ, ಹೊತ್ತಿಗೆ ಮಲಗುತ್ತೇವೆ, ಎಣ್ಣೆಯ ಪದಾರ್ಥ ದೂರ ಇಡುತ್ತೇವೆ.

ನನಗೆ ಆ ತಾರೀಖು, ಆ ಟೈಮ್ ಸಿಕ್ಕಿದ್ದು ರೋಯಿಂಗ್ ಮಷಿನ್‌ನಲ್ಲಿ, ಅಂದರೆ ದೋಣಿಯ ಹುಟ್ಟು ಹಾಕುವ ಕಸರತ್ತನ್ನು ನೆಲದ ಮೇಲೆಯೇ ಮಾಡಿಸುವ ಯಂತ್ರದಲ್ಲಿ. ಹಳೆಯ ಬಿದ್ದ ಪೆಟ್ಟಿನಿಂದ ನನ್ನ ಎಡಮೊಣಕಾಲು ಓಟಕ್ಕೆ ಒಗ್ಗುವುದಿಲ್ಲ, ಹೆದ್ದಾರಿಯಲ್ಲಿ ಸೈಕಲ್ ತುಳಿಯಲು ಈಗಿನ ಲಾರಿಗಳ ನಡುವೆ ಧೈರ್ಯ ಸಾಲದು. ನವನಗರದ ಒಂದು ಜಿಮ್‌ನ ಮೂಲೆಯಲ್ಲಿ ಉದ್ದನೆಯ ಹಳಿ, ಅದರ ಮೇಲೆ ಜಾರುವ ಸೀಟು, ಮುಂದೆ ದುಂಡನೆಯ ಜಾಲರಿಯೊಳಗೊಂದು ಫ್ಯಾನ್ ಇದ್ದ ಮಷಿನ್ ಮೇಲೆ ಟವೆಲ್‌ಗಳು ಒಣಗುತ್ತಿದ್ದವು. ಅಲ್ಲಿನ ತರಬೇತಿ ಕೊಡುವ ಹುಡುಗ, "ಅಕ್ಕಾರ, ಅದನ್ನ ಯಾರೂ ಮುಟ್ಟಂಗಿಲ್ರೀ, ಐದು ನಿಮಿಷಕ್ಕ ದಮ್ಮು ಹತ್ತತೈತಿ" ಎಂದ. ದಮ್ಮು ಹತ್ತುವ ಕೆಲಸವೇ ನನಗೆ ಬೇಕಾಗಿತ್ತು.

ಈ ಮಷಿನ್‌ನ ಹುಟ್ಟು ಕೇಳಿದರೆ ನಮ್ಮ ಸೈಕಲ್ ಮಂದಿಗೆ ಇದು ಪರಕೀಯ ಅನ್ನಿಸುವುದಿಲ್ಲ. ಅಮೆರಿಕದ ವರ್ಮಾಂಟ್‌ನ ಡ್ರೈಸಿಗ್ಯಾಕರ್ ಸಹೋದರರು, ಇಬ್ಬರೂ ದೋಣಿ ಸ್ಪರ್ಧಿಗಳು, 1981ರಲ್ಲಿ ತಮ್ಮ ಕಾನ್ಸೆಪ್ಟ್2 ಕಂಪನಿಯಿಂದ ಮೊದಲ ಮಷಿನ್ ಮಾರಾಟಕ್ಕೆ ತಂದಾಗ ಅದರಲ್ಲಿ ತಿರುಗುತ್ತಿದ್ದದ್ದು ಸೈಕಲ್ಲಿನ ಗಾಲಿಯೇ. ಗಾಳಿ ತಡೆಯಲೆಂದು ಅದಕ್ಕೆ ರೆಕ್ಕೆ ಕಟ್ಟಿದ್ದರು, ಜಗ್ಗಲು ಚೈನು ಹಾಕಿದ್ದರು. ಇವತ್ತಿನ ಮಷಿನ್‌ನಲ್ಲೂ ಚೈನು ಇದೆ, ತಡೆಯುವುದು ಗಾಳಿಯೇ. ಎದುರುಗಾಳಿಯಲ್ಲಿ ತುಳಿದವರಿಗೆ ಅದರ ಲೆಕ್ಕ ಕಾಲಿಗೇ ಗೊತ್ತು: ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಪರದೆಯ ಮೇಲೆ 500 ಮೀಟರ್‌ಗೆ ಎಷ್ಟು ಹೊತ್ತು ಎಂಬುದು ಪ್ರತಿ ಎಳೆತಕ್ಕೂ ಮೂಡುತ್ತದೆ. 2 ನಿಮಿಷ 15 ಸೆಕೆಂಡು ಎಂದರೆ ಸುಮಾರು 142 ವ್ಯಾಟ್. ಅದರಿಂದ ಬರೀ ಐದು ಸೆಕೆಂಡು ಇಳಿಸಿ 2 ನಿಮಿಷ 10ಕ್ಕೆ ತರಬೇಕಾದರೆ 159 ವ್ಯಾಟ್ ಬೇಕು.

ಕೈಯಿಂದ ಜಗ್ಗುವ ಕಸರತ್ತು ಎಂದು ನೋಡಿದವರು ತಿಳಿಯುತ್ತಾರೆ. ಹೆಚ್ಚಿನ ಬಲ ಬರುವುದು ಕಾಲಿನಿಂದ. ಮೊಣಕಾಲು ಮಡಚಿ ಮುಂದೆ ಬಂದು, ಕೈ ನೀಟಾಗಿ ಚಾಚಿ, ಮೊದಲು ಕಾಲಿನಿಂದ ಒದೆಯಬೇಕು. ಕಾಲು ನೆಟ್ಟಗಾಗುತ್ತ ಬಂದಾಗ ಬೆನ್ನು ಹಿಂದಕ್ಕೆ ವಾಲುತ್ತದೆ, ಕಡೆಗೆ ಹಿಡಿಕೆ ಎದೆಯ ಕೆಳಗೆ ಬರುತ್ತದೆ. ತಿರುಗಿ ಹೋಗುವಾಗ ಕೈ ಮೊದಲು, ಆಮೇಲೆ ಬೆನ್ನು, ಆಮೇಲೆ ಕಾಲು, ಮತ್ತು ಅವಸರವಿಲ್ಲದೆ. ಪಂಚಮಿಯ ಜೋಕಾಲಿ ಜೀಕಿದವರಿಗೆ ಈ ಲಯ ಬೇಗ ಕೂಡುತ್ತದೆ: ಜೋರು ಒಂದೇ ಕಡೆ, ಉಳಿದದ್ದು ಬಿಡುವು. ಜಿಮ್‌ಗೆ ಬರುವ ಹುಡುಗರು ಫ್ಯಾನಿಗೆ ಹೋಗುವ ಗಾಳಿ ಹೆಚ್ಚು ಕಡಿಮೆ ಮಾಡುವ ಪಕ್ಕದ ಲಿವರನ್ನು ಕಡೆಯ ಅಂಕಿ ಹತ್ತಕ್ಕೆ ತಿರುಗಿಸಿ, ಕೈಯಿಂದಲೇ ಜಗ್ಗಿ, ಸೊಂಟ ಹಿಡಿದುಕೊಂಡು ಏಳುತ್ತಾರೆ. ಆ ಲಿವರ್ ಸೈಕಲ್ಲಿನ ಗೇರ್ ಇದ್ದ ಹಾಗೆ ಕೆಲಸ ಮಾಡುತ್ತದೆ, ಶೌರ್ಯ ಅಳೆಯುವುದಿಲ್ಲ. ಮೂರು ನಾಲ್ಕರಲ್ಲಿ ಇಟ್ಟುಕೊಂಡೇ ಒಳ್ಳೆಯ ಟೈಮ್ ಬರುತ್ತದೆ. ಬೆನ್ನಿನ ಡಿಸ್ಕ್ ತೊಂದರೆ ಇದ್ದವರು, ನಲವತ್ತು ದಾಟಿ ಬಹಳ ದಿನ ಸುಮ್ಮನಿದ್ದವರು ಮೊದಲು ಡಾಕ್ಟರಿಗೆ ತೋರಿಸಿಕೊಂಡೇ ಕೂರಬೇಕು. ಇದನ್ನು ನಾನು ಯಾರಿಗೆ ಹೇಳಿಕೊಟ್ಟರೂ ಮೊದಲ ಮಾತಾಗಿ ಹೇಳುತ್ತೇನೆ.

ಜಗತ್ತಿನಾದ್ಯಂತ ಇದರ ಪರೀಕ್ಷೆ 2000 ಮೀಟರ್. ದೋಣಿ ರೇಸಿನ ದೂರವೂ ಅಷ್ಟೇ. 2018ರಲ್ಲಿ ಆಸ್ಟ್ರೇಲಿಯಾದ ಜೋಶ್ ಡಂಕ್ಲಿ-ಸ್ಮಿತ್ ಅದನ್ನು 5 ನಿಮಿಷ 35.8 ಸೆಕೆಂಡಿನಲ್ಲಿ ಮುಗಿಸಿದರು. ನನ್ನ ಮೊದಲ ಪೂರ್ತಿ ರೇಸ್ 9 ನಿಮಿಷ 38 ಸೆಕೆಂಡು. ಈಗ 9 ನಿಮಿಷ 11. ರಾಜ್ಯೋತ್ಸವದೊಳಗೆ 9ರ ಒಳಗೆ ಬರಬೇಕು, ಬರುವ ಏಪ್ರಿಲ್ 30ರೊಳಗೆ 8 ನಿಮಿಷ 40. ಏಪ್ರಿಲ್ 30 ಯಾಕೆಂದರೆ, ಕಾನ್ಸೆಪ್ಟ್2 ಕಂಪನಿ ತನ್ನ ಮಷಿನ್‌ಗಳಲ್ಲಿ ಜಗ್ಗಿದವರ ಟೈಮ್‌ಗಳನ್ನು ವಯಸ್ಸು, ತೂಕದ ಪ್ರಕಾರ ಸಾಲಾಗಿ ಇಡುವ ಆನ್‌ಲೈನ್ ಪಟ್ಟಿಯ ವರ್ಷ ಮೇ 1ಕ್ಕೆ ಶುರುವಾಗಿ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಬಾಗಲಕೋಟೆಯಲ್ಲಿ ಜಗ್ಗಿದ 2000 ಮೀಟರನ್ನು ಬರ್ಲಿನ್‌ನಲ್ಲಿ ಜಗ್ಗಿದ 2000 ಮೀಟರಿನ ಪಕ್ಕ ಇಡಬಹುದು. ಏರು ಇಲ್ಲ, ಇಳಿಜಾರಿಲ್ಲ, ಗಾಳಿಯ ನೆಪ ಇಲ್ಲ. ಸೈಕಲ್ಲಿನಲ್ಲಿ ಇದು ಸಾಧ್ಯವೇ ಇರಲಿಲ್ಲ.

ಆ ರೇಸಿನ ಬಗ್ಗೆ ಇಷ್ಟು ಹೇಳಲೇಬೇಕು. ಮೊದಲ 500 ಮೀಟರ್ ಹಗುರ, ಯಾರಾದರೂ ಜಗ್ಗುತ್ತಾರೆ. ಎರಡನೆಯದರಲ್ಲಿ ಉಸಿರು ಒಂದು ಲೆಕ್ಕಕ್ಕೆ ಬರುತ್ತದೆ. ಮೂರನೆಯ 500 ಮೀಟರ್ ಕಠಿಣವಾದದ್ದು. ಮುಗಿಯುವ ಗೆರೆ ಇನ್ನೂ ದೂರ, ತೊಡೆಯಲ್ಲಿ ಬೆಂಕಿ, ಬಾಯೊಳಗೆ ತುಕ್ಕಿನ ರುಚಿ, ಪರದೆಯ ಅಂಕಿ 2:17ರಿಂದ 2:20ಕ್ಕೆ, 2:21ಕ್ಕೆ ಜಾರುತ್ತ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ ಇಡೀ ರೇಸ್. ಹಳೆಯ ದಿನಗಳ ಬ್ರೇಕ್-ಅವೇ (ಗುಂಪು ಬಿಟ್ಟು ಮುಂದೆ ಹೋಗಿ ತುಳಿಯುವುದು) ನೆನಪಿದ್ದವರಿಗೆ ಆ ಜಾಗ ಚೆನ್ನಾಗಿ ಪರಿಚಯ. ಇಪ್ಪತ್ತು ವರ್ಷ ಆದ ಮೇಲೆ ಮತ್ತೆ ಅಲ್ಲಿಗೆ ಹೋಗಿ ಬರಲು ಸಾಧ್ಯ ಎಂದು ತಿಳಿದಾಗ ನನಗಾದ ಸಂತೋಷ ಬರೆದು ಮುಗಿಯದು.

ನಿಲಯದ ಗೆಳತಿ ಒಬ್ಬಳನ್ನು ಈಚೆಗೆ ಜಿಮ್‌ಗೆ ಕರೆದುಕೊಂಡು ಹೋಗಿದ್ದೆ. ಒಂದು ಕಾಲಕ್ಕೆ ಏರಿನಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕುತ್ತಿದ್ದವಳು, ಈಗ ಊರಲ್ಲಿ ಕಿರಾಣಿ ಅಂಗಡಿ ನೋಡಿಕೊಂಡಿದ್ದಾಳೆ, ಶುಗರ್ ಗುಳಿಗೆ ನುಂಗುತ್ತಾಳೆ. ಬರುವಾಗಲೇ "ನನ್ನ ಕೈಲಿ ಆಗಂಗಿಲ್ಲವಾ, ಸುಮ್ನ ನೋಡ್ತೀನಿ" ಎಂದಿದ್ದಳು. ಸೀರೆ ಉಟ್ಟು ಬಂದವಳಿಗೆ ನನ್ನ ಟ್ರ್ಯಾಕ್‌ಸೂಟ್ ಕೊಟ್ಟು, ಪಾದದ ಪಟ್ಟಿ ಬಿಗಿದು, ಲಯ ತೋರಿಸಿ 500 ಮೀಟರ್‌ಗೆ ಬಿಟ್ಟೆ. ಮೊದಲು ಕೈಯಿಂದ ಜಗ್ಗಿದಳು. 200 ಮೀಟರ್ ಉಳಿದಿರುವಾಗ ಕಾಲು ತನ್ನಿಂದ ತಾನೇ ಕೆಲಸ ಹಿಡಿಯಿತು, ಫ್ಯಾನಿನ ಸದ್ದು ಬದಲಾಯಿತು. ಮುಗಿದಾಗ ಹಿಡಿಕೆ ಕೈಬಿಟ್ಟು, ಮೊಣಕಾಲ ಮೇಲೆ ತಲೆ ಇಟ್ಟು, ಉಸಿರು ಸಿಗುವ ಮೊದಲೇ ಕೇಳಿದ್ದು: "ಟೈಮ್ ಎಷ್ಟಾತು?" ಹೇಳಿದೆ. "ಇನ್ನೊಮ್ಮೆ ಜಗ್ತೀನಿ ತಡಿ" ಎಂದಳು. ತಡೆದು ಕೂರಿಸಬೇಕಾಯಿತು. ಆ ಪ್ರಶ್ನೆ ಕೇಳುವ ಹೆಂಗಸರು, ಗಂಡಸರು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಊರೂರಲ್ಲಿ ಇದ್ದಾರೆ. ಅವರಿಗೆ ಕೂರಲು ಮಷಿನ್ ಇಲ್ಲ, ಇಳಿಯಲು ರೇಸ್ ಇಲ್ಲ.

ನೀರಿನ ಆಟ ನಮ್ಮ ಬಿಸಿಲ ನಾಡಿಗೆ ಯಾಕೆ ಎನ್ನುವವರಿಗೆ ದತ್ತು ಭೋಕನಾಳ್ ಉತ್ತರ. ನಾಸಿಕ್ ಜಿಲ್ಲೆಯ ಬರದ ಊರಿನವರು, ಬಾವಿ ತೋಡುವ ಕೂಲಿ ಮಾಡಿದವರು. ಸೇನೆ ಸೇರಿದ ಮೇಲೆ ಪುಣೆಯಲ್ಲಿ ದೋಣಿಯ ಹುಟ್ಟು ಹಿಡಿದು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ನಾಲ್ವರ ದೋಣಿಯಲ್ಲೂ ಇದ್ದರು. ಸೈಕಲ್ಲಿಗೂ ಹುಟ್ಟಿಗೂ ಇರುವ ನಂಟು ಇನ್ನೂ ಹತ್ತಿರದ್ದು. ಬ್ರಿಟನ್ನಿನ ರೆಬೆಕಾ ರೊಮೇರೊ 2004ರ ಅಥೆನ್ಸ್‌ನಲ್ಲಿ ರೋಯಿಂಗ್‌ನ ಬೆಳ್ಳಿ ಗೆದ್ದು, 2008ರ ಬೀಜಿಂಗ್‌ನಲ್ಲಿ ಸೈಕ್ಲಿಂಗ್‌ನ ಚಿನ್ನ ಗೆದ್ದರು. ನ್ಯೂಜಿಲೆಂಡಿನ ಹ್ಯಾಮಿಷ್ ಬಾಂಡ್ ರೋಯಿಂಗ್‌ನಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಮೇಲೆ ಸೈಕಲ್ ಹತ್ತಿ, 2018ರ ಕಾಮನ್‌ವೆಲ್ತ್ ಕೂಟದ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ರೇಸ್) ಕಂಚು ತಂದು, ಮತ್ತೆ ದೋಣಿಗೆ ಮರಳಿ ಟೋಕಿಯೊದಲ್ಲಿ ಮೂರನೇ ಚಿನ್ನ ಪಡೆದರು. ಎರಡಕ್ಕೂ ಬೇಕಾದದ್ದು ಅದೇ ತೊಡೆ, ಅದೇ ಶ್ವಾಸಕೋಶ.

ಒಳಾಂಗಣದ ರೇಸನ್ನು ಶುರು ಮಾಡಿದವರೂ ಮಾಜಿಗಳೇ ಎಂಬುದು ನನಗೆ ಬಹಳ ಬಲ ಕೊಟ್ಟ ಸಂಗತಿ. ಬಾಸ್ಟನ್‌ನ ಚಾರ್ಲ್ಸ್ ನದಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. 1980ರ ದಶಕದ ಆರಂಭದಲ್ಲಿ ಅಲ್ಲಿನ ಹಳೆಯ ದೋಣಿ ಸ್ಪರ್ಧಿಗಳು ಮಷಿನ್‌ಗಳನ್ನು ಸಾಲಾಗಿ ಇಟ್ಟು ತಮ್ಮತಮ್ಮಲ್ಲೇ ರೇಸ್ ಹಚ್ಚಿದರು. ಗೆದ್ದವರಿಗೆ ಕೊಡುವ ಬಹುಮಾನ ಒಂದು ಸುತ್ತಿಗೆ. ಅದೇ ಮುಂದೆ ಸಾವಿರಾರು ಜನ ಸೇರುವ ಸ್ಪರ್ಧೆಯಾಯಿತು, 2018ರಿಂದ ವಿಶ್ವ ಒಳಾಂಗಣ ರೋಯಿಂಗ್ ಚಾಂಪಿಯನ್‌ಷಿಪ್ಪೇ ನಡೆಯುತ್ತಿದೆ. ಅಲ್ಲಿ ಎಪ್ಪತ್ತು, ಎಂಬತ್ತು ವಯಸ್ಸಿನವರಿಗೂ ಪ್ರತ್ಯೇಕ ವಿಭಾಗವಿದೆ, ಅಂಗವಿಕಲರಿಗೆ ಇದೆ, ತೂಕ ಕಡಿಮೆ ಇದ್ದವರಿಗೂ ಇದೆ (ಗಂಡಸರಿಗೆ 75 ಕಿಲೋ, ಹೆಂಗಸರಿಗೆ 61.5 ಕಿಲೋ ಮಿತಿ). ಅವರಿಗೆ ಹಿಮ ಅಡ್ಡ ಬಂದರೆ ನಮಗೆ ಬಿಸಿಲು. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ನಮ್ಮಲ್ಲಿ ಹೊರಗೆ ಯಾವ ಆಟವೂ ನಡೆಯುವುದಿಲ್ಲ.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ನನ್ನ ವಿನಂತಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲಾ ಕ್ರೀಡಾಂಗಣಗಳಲ್ಲಿ ಎರಡೆರಡಾದರೂ ರೋಯಿಂಗ್ ಮಷಿನ್ ಇಡಿ. ಒಂದರ ಬೆಲೆ ಒಳ್ಳೆಯ ರೇಸಿಂಗ್ ಸೈಕಲ್ಲಿನ ಬೆಲೆಗಿಂತ ಹೆಚ್ಚಿಲ್ಲ. ಫ್ಯಾನ್ ಮಷಿನ್‌ಗೆ ಕರೆಂಟಿನ ಹಂಗೂ ಇಲ್ಲ, ಪರದೆ ನಡೆಯುವುದು ಬ್ಯಾಟರಿ ಸೆಲ್‌ನಿಂದ. ನಮ್ಮ ಸುಣ್ಣಗಲ್ಲಿನ ಧೂಳಿಗೆ ಚೈನು ಒರೆಸಿ ಎಣ್ಣೆ ಹಾಕುವ, ಜಾಲರಿ ಸ್ವಚ್ಛ ಮಾಡುವ ಒಬ್ಬ ಮನುಷ್ಯ ಮಾತ್ರ ಬೇಕು. ಸೈಕ್ಲಿಂಗ್ ನಿಲಯದ ಮಕ್ಕಳಿಗೂ ಮಳೆಗಾಲದಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಬೆಳಗಿನ ಎರಡು ತಾಸು ಮಾಜಿ ಕ್ರೀಡಾಪಟುಗಳಿಗೆ ಮೀಸಲಿಡಿ, ಅದರಲ್ಲಿ ಹೆಂಗಸರಿಗೆ ಒಂದು ನಿಗದಿತ ಹೊತ್ತು ಇರಲಿ. ಹೆಂಗಸರು ಬಾರದೇ ಇರುವುದಕ್ಕೆ ಕಾರಣ ಆಸೆ ಇಲ್ಲದಿರುವುದಲ್ಲ, ಸುತ್ತ ನಿಂತು ನೋಡುವ ಕಣ್ಣುಗಳು.

ಇನ್ನು ರೇಸ್. ಜಿಲ್ಲಾ ದಸರಾ ಕ್ರೀಡಾಕೂಟದಲ್ಲಿ 2000 ಮೀಟರ್ ಒಳಾಂಗಣ ರೋಯಿಂಗ್ ಸೇರಿಸಿ, 35, 45, 55 ದಾಟಿದವರಿಗೆ ಬೇರೆ ಬೇರೆ ವಿಭಾಗ ಮಾಡಿ. ಎಂಟು ಮಷಿನ್ ಒಟ್ಟಿಗೆ ಬೇಕೆಂದೇನಿಲ್ಲ. ಎರಡಿದ್ದರೆ ಇಬ್ಬಿಬ್ಬರನ್ನೇ ಕೂರಿಸಿ ಟೈಮ್ ಬರೆದುಕೊಂಡು ಸ್ಥಾನ ಕೊಡಬಹುದು. ಊರಿಗೊಂದು ತಂಡದಂತೆ ನಾಲ್ವರು ತಲಾ 500 ಮೀಟರ್ ಜಗ್ಗುವ ರಿಲೇ ಇಟ್ಟರೆ ಗರಡಿ ಮನೆಯ ಹಳೆಯ ಪೈಲ್ವಾನರು ತಾವಾಗಿಯೇ ಬರುತ್ತಾರೆ, ನನಗೆ ಅನುಮಾನವೇ ಇಲ್ಲ. ತಾರೀಖನ್ನು ಮಾತ್ರ ನಾಲ್ಕು ತಿಂಗಳು ಮೊದಲೇ ಹೇಳಿ. ಹಿಂದಿನ ವಾರ ಹೇಳಿದರೆ ತಯಾರಾಗಲು ಆಗುವುದಿಲ್ಲ, ನಲವತ್ತು ದಾಟಿದ ಮೈಯನ್ನು ತಯಾರಿಲ್ಲದೆ ರೇಸಿಗೆ ಇಳಿಸಬಾರದು.

ಇಲಾಖೆ ಮಷಿನ್ ತರಿಸಿದರೆ ಲಯ ಹೇಳಿಕೊಡಲು ಭಾನುವಾರ ಬೆಳಿಗ್ಗೆ ನಾನು ಬರುತ್ತೇನೆ, ಗೌರವಧನ ಬೇಡ. ಹಳೆಯ ನಿಲಯದವರ ಫೋನ್ ನಂಬರುಗಳು ನನ್ನ ಹತ್ತಿರ ಇವೆ, ಒಬ್ಬೊಬ್ಬರಿಗೂ ಹೇಳುವ ಜವಾಬ್ದಾರಿ ನನ್ನದು. ನನ್ನ ಗೆಳತಿ 45 ದಾಟಿದವರ ವಿಭಾಗಕ್ಕೆ ಈಗಲೇ ಹೆಸರು ಕೊಟ್ಟಿದ್ದಾಳೆ.

ತಮ್ಮ ವಿಶ್ವಾಸಿ,
ಮಾಜಿ ಸೈಕ್ಲಿಂಗ್ ಪಟು
ನವನಗರ, ಬಾಗಲಕೋಟೆ